ಗೆಜ್ಜೆ ಬಿಚ್ಚಿದ ಮೇಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಗೆ ನೆಂಟರಾಗಿ ಹೋದವರು ಮೊದಲು ಕಲಿಯಬೇಕಾದ ಪಾಠವೊಂದುಂಟು: ಊಟದ ಪಂಕ್ತಿಯಲ್ಲಿ ಯಕ್ಷಗಾನದ ಮಾತು ತೆಗೆಯಬಾರದು. ತೆಗೆದರೆ ಅಪ್ಪೆಹುಳಿ ಬಡಿಸಲು ಬಂದವನು ಸೌಟು ಹಿಡಿದೇ ನಿಲ್ಲುತ್ತಾನೆ. ಎಲೆಯ ಮುಂದೆ ಕುಳಿತವರ ಕೈ ಒಣಗುತ್ತದೆ. ಚಿಟ್ಟಾಣಿಯೋ, ಕೆರೆಮನೆಯೋ ಎಂಬ ಒಂದೇ ಪ್ರಶ್ನೆ ಪಾಯಸವನ್ನು ಅರ್ಧ ಗಳಿಗೆ ತಡೆದು ನಿಲ್ಲಿಸಬಲ್ಲದು.

ಬೇರೆ ನಾಡುಗಳಲ್ಲಿ ಚೆಂಡಾಟದ ಋತು ಕೊನೆಗೊಳ್ಳುತ್ತ ಬಂದಂತೆ, ಅಂತಿಮ ಸುತ್ತಿಗೆ ಯಾವ ತಂಡ ಏರೀತೆಂದು ಜನ ಲೆಕ್ಕ ಹಾಕುತ್ತಾರೆ. ಬನವಾಸಿಯ ಈ ಸೀಮೆಯಲ್ಲಿ ಆ ಲೆಕ್ಕವೆಲ್ಲ ಮೇಳಗಳದು. ದೀಪಾವಳಿಯ ಆಚೀಚೆ ತಿರುಗಾಟಕ್ಕೆ ಹೊರಟ ಮೇಳ ಮಳೆ ಹಿಡಿಯುವ ಮೊದಲು ಗೆಜ್ಜೆ ಬಿಚ್ಚುತ್ತದೆ. ಅಷ್ಟರೊಳಗೆ ಯಾವ ಮೇಳದ ಹಿಮ್ಮೇಳ ಗಟ್ಟಿ, ಯಾರ ಕೌರವನಿಗೆ ಯಾರ ಭೀಮ ಸರಿಜೋಡಿ ಎಂಬುದು ಅಡಿಕೆ ವಖಾರಿಯ ಜಗಲಿಯಲ್ಲಿ ತೀರ್ಮಾನವಾಗಬೇಕು. ಮರುದಿನ ಆ ತೀರ್ಮಾನ ಮುರಿಯಲೂ ಬೇಕು. ಜೋಡಾಟವೆಂದರಂತೂ ಹೇಳುವುದೇ ಬೇಡ. ಒಂದೇ ಬಯಲು, ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಅಂಕ ಬರೆಯುವ ತೀರ್ಪುಗಾರನಿಲ್ಲ. ಯಾವ ರಂಗದ ಮುಂದೆ ಜನ ಕವಿದರೋ ಆ ಮೇಳ ಗೆದ್ದಿತು. ಸೋತ ಮೇಳದ ಅಭಿಮಾನಿ ಮಾತ್ರ ಆ ಸೋಲನ್ನು ಇಪ್ಪತ್ತು ವರ್ಷವಾದರೂ ಒಪ್ಪುವುದಿಲ್ಲ.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 1933ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅವರ ಕೀಚಕ, ಭಸ್ಮಾಸುರ, ದುಷ್ಟಬುದ್ಧಿಗಳನ್ನು ಕಂಡವರು ಮೈಯ ಬಳುಕು, ಕಣ್ಣಿನ ಮಾತು, ಕಾಲಿನ ಮಿಂಚು ಎನ್ನುತ್ತಾರೆ. ಕೆರೆಮನೆಯ ಪಕ್ಷದವರ ಉತ್ತರ ಬೇರೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ, ಅವರ ಮಗ ಶಂಭು ಹೆಗಡೆಯವರು ಪಾತ್ರಕ್ಕೆ ತಂದ ಹದ ಮತ್ತು ಸಂಯಮ, ಮಾತಿನ ಔಚಿತ್ಯ, ಇವನ್ನು ಅವರು ಮುಂದಿಡುತ್ತಾರೆ. ಒಬ್ಬರು ಕಣ್ಣಿನ ಸಾಕ್ಷಿ ತರುತ್ತಾರೆ, ಇನ್ನೊಬ್ಬರು ಬುದ್ಧಿಯ ಸಾಕ್ಷಿ ತರುತ್ತಾರೆ. ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಗತಿಸಿದರು. ವಾದದ ಇಬ್ಬರು ನಾಯಕರೂ ಈಗಿಲ್ಲ. ವಾದ ಮಾತ್ರ ಇದೆ.

ನಾಯಕರಿಲ್ಲದ ಮೇಲೆ ವಾದಕ್ಕೆ ಆಧಾರವೇನು? ಇಲ್ಲಿಯೇ ಕ್ಯಾಸೆಟ್ಟಿನ ಪೆಟ್ಟಿಗೆ ಪ್ರವೇಶಿಸುತ್ತದೆ. ಹಳೆಯ ಗ್ರಾಮಫೋನು ತಟ್ಟೆಯ ಒಂದು ಮಗ್ಗುಲಿಗೆ ಮೂರು ಮಿನಿಟು ಮಾತ್ರ ಹಿಡಿಯುತ್ತಿತ್ತು. ರಾತ್ರಿಯಿಡೀ ನಡೆಯುವ ಆಟಕ್ಕೆ ಅದು ಸಮುದ್ರಕ್ಕೆ ಸೌಟು ಹಿಡಿದಂತೆ. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದಿತು. ಕ್ರಮೇಣ ಅದು ಘಟ್ಟದ ಮೇಲಿನ ತೋಟದ ಮನೆಗಳಿಗೂ ಬಂದಿತು. ತೊಂಬತ್ತು ಮಿನಿಟಿನ ಕ್ಯಾಸೆಟ್ಟಾದರೆ ಎಂಟು ಗಂಟೆಯ ಆಟಕ್ಕೆ ಆರು ಬೇಕು. ಕ್ಯಾಸೆಟ್ಟಿಗೂ ದುಡ್ಡು, ಬ್ಯಾಟರಿಗೂ ದುಡ್ಡು. ಆದುದರಿಂದ ರಸಿಕನು ಜಾಣತನ ಕಲಿತನು. ಭಾಗವತರು ಪದ್ಯ ಎತ್ತಿದೊಡನೆ ಗುಂಡಿ ಒತ್ತುವುದು, ಪದ್ಯ ಮುಗಿದೊಡನೆ ನಿಲ್ಲಿಸುವುದು. ಅರ್ಥಗಾರಿಕೆ ಹೋಯಿತು, ಹಾಸ್ಯಗಾರನ ಮಾತು ಹೋಯಿತು, ನಡುವಿನ ಮೈಕಿನ ಪ್ರಕಟಣೆಯೂ ಹೋಯಿತು.

ಹೀಗೆ ಹಿಡಿದಿಟ್ಟ ಕಂಠಗಳಲ್ಲಿ ಮೊದಲ ಮಣೆ ಕಾಳಿಂಗ ನಾವುಡರದು. ಸಾಲಿಗ್ರಾಮ ಮೇಳದ ಭಾಗವತರಾಗಿ, ‘ನಾಗಶ್ರೀ’ ಪ್ರಸಂಗದ ಕರ್ತೃವಾಗಿ ಮನೆಮಾತಾದವರು ಅವರು. 1990ರಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತೆರಡರ ಆಸುಪಾಸು. ಮುಂದಿನ ಪೀಳಿಗೆಯವರು ಅವರನ್ನು ಕಂಡದ್ದೇ ಇಲ್ಲ, ಕೇಳಿದ್ದಷ್ಟೇ. ನಾವುಡರು ಅವರ ಪಾಲಿಗೆ ಒಂದು ಫೀತೆಯ ಸುರುಳಿ.

ಪ್ರಪಂಚದ ಇನ್ನೊಂದು ಮೂಲೆಯಲ್ಲಿಯೂ ಇಂಥದೇ ಒಂದು ಹುಚ್ಚು ನಡೆದದ್ದುಂಟು. ಅಮೆರಿಕದ ಜಾಝ್ ಸಂಗೀತದಲ್ಲಿ ಚಾರ್ಲಿ ಪಾರ್ಕರ್ ಎಂಬ ಸ್ಯಾಕ್ಸೊಫೋನ್ ವಾದಕನಿದ್ದನು. ಡೀನ್ ಬೆನೆಡೆಟ್ಟಿ ಎಂಬ ಅಭಿಮಾನಿ 1947–48ರಲ್ಲಿ ಯಂತ್ರ ಹೊತ್ತುಕೊಂಡು, ಪಾರ್ಕರ್ ನುಡಿಸುವಲ್ಲಿಗೆ ಹೋಗಿ ಧ್ವನಿಮುದ್ರಿಸಿದನು. ಪಾರ್ಕರನ ಸರದಿ ಬಂದಾಗ ಯಂತ್ರ ಚಾಲೂ. ಅದು ಮುಗಿದು ಜೊತೆಗಾರರ ಸರದಿ ಬಂದೊಡನೆ ಯಂತ್ರ ಬಂದ್. ಪಾರ್ಕರ್ 1955ರಲ್ಲಿಯೂ ಬೆನೆಡೆಟ್ಟಿ 1957ರಲ್ಲಿಯೂ ತೀರಿಕೊಂಡರು. ಆ ಮುದ್ರಣಗಳು ಲೋಕದ ಕಿವಿಗೆ ಬಿದ್ದುದು 1990ರಲ್ಲಿ. ತುಂಡು ತುಂಡಾದ ಆ ಸ್ವರಗಳನ್ನು ಜೋಡಿಸಿ, ಯಾವ ರಾತ್ರಿಯದು, ಯಾವ ಹಾಡಿನದು ಎಂದು ಗುರುತಿಸಲು ತಿಳಿದವರು ಬಹಳ ಶ್ರಮಪಡಬೇಕಾಯಿತು.

ಆದರೂ ಜಾಝ್ ಸಂಗ್ರಾಹಕರಲ್ಲಿ ಮೆಚ್ಚಬೇಕಾದ ಗುಣವೊಂದುಂಟು. ಫ್ರಾನ್ಸಿನ ಷಾರ್ಲ್ ದೆಲೋನೆ ಎಂಬಾತನು 1936ರಷ್ಟು ಹಿಂದೆಯೇ ಜಾಝ್ ತಟ್ಟೆಗಳದೊಂದು ಪಟ್ಟಿಯನ್ನು ಗ್ರಂಥವಾಗಿ ಪ್ರಕಟಿಸಿದನು. ಯಾವ ತಟ್ಟೆಯಲ್ಲಿ ಯಾರು ಯಾರು ನುಡಿಸಿದರು, ಎಲ್ಲಿ, ಯಾವಾಗ ಎಂಬ ವಿವರಕ್ಕೆ ಆ ಸಂಗ್ರಾಹಕರ ಬಳಗದಲ್ಲಿ ಸಂಗೀತದಷ್ಟೇ ಬೆಲೆ ಬಂದಿತು. ಅಭಿಮಾನಿಗಳ ಕೂಗಾಟ ಅಲ್ಲಿಯೂ ಇತ್ತು. ಆದರೆ ಕೂಗಾಡಿದವರು ಬರೆದೂ ಇಟ್ಟರು.

ಈ ಸೀಮೆಯಲ್ಲಿ ಬರೆದಿಟ್ಟವರು ಕಡಿಮೆ. ಕಾರಣವೂ ಸಹಜವೇ: ದನಿ ಕೇಳಿದೊಡನೆ ಭಾಗವತರಾರೆಂದು ಗೊತ್ತಾಗುವವನಿಗೆ ಚೀಟಿಯೇಕೆ? ಆದರೆ ಗೊತ್ತಿರುವವನು ಹೋದ ದಿನ ಕ್ಯಾಸೆಟ್ಟು ಮೂಕವಾಗುತ್ತದೆ. ಕುಣಿತವನ್ನಂತೂ ಅದು ಮೊದಲೇ ಹಿಡಿದಿರಲಿಲ್ಲ. ಜೋಡಾಟದ ಮುದ್ರಣದಲ್ಲಿ ಎರಡು ಚಂಡೆ, ಎರಡು ಕಂಠ ಕಲಸಿ ಹೋಗಿ, ಯಾವುದು ಯಾರದೆಂದು ಅಂದು ಅಲ್ಲಿದ್ದವನೇ ಹೇಳಬೇಕು. ಮಳೆಗಾಲದ ತಾಳಮದ್ದಳೆಯೊಂದೇ ಇದ್ದುದರಲ್ಲಿ ಪುಣ್ಯವಂತ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಸರ್ವಸ್ವ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಬಾಣ ತಿಂದು ಬಿದ್ದು ರಾಮನನ್ನು ಕೇಳುವ ಪ್ರಶ್ನೆಗಳು, 2006ರಲ್ಲಿ ಶೇಣಿಯವರು ತೀರಿಕೊಂಡ ಮೇಲೆಯೂ, ಫೀತೆಯಲ್ಲಿ ಹರಿತವಾಗಿಯೇ ಉಳಿದಿವೆ.

ಇದೆಲ್ಲ ಎಷ್ಟು ನಿಜವೆಂಬುದು ಬನವಾಸಿಯ ದಾರಿಯ ಒಂದು ತೋಟದ ಮನೆಯಲ್ಲಿ ಕಂಡುಬಂದಿತು. ಆ ಮನೆಯ ಯಜಮಾನರು ಚಿಟ್ಟಾಣಿಯ ಪಕ್ಷ. ಅವರ ತಂಗಿಯನ್ನು ಮದುವೆಯಾದ ನಿವೃತ್ತ ಶಾಲಾಮಾಸ್ತರರು ಕೆರೆಮನೆಯ ಪಕ್ಷ. ನಲವತ್ತು ವರ್ಷ ಇಬ್ಬರೂ ವಾದಿಸಿದರು. ಕುಣಿತದ ಆರಾಧಕರಾದ ಯಜಮಾನರು ಕ್ಯಾಸೆಟ್ಟು ಕೂಡಿಡುವುದನ್ನು ಕಂಡು ಮಾಸ್ತರರು ನಗುತ್ತಿದ್ದರು.

“ಕುಣಿತ ಕ್ಯಾಸೆಟ್ಟಲ್ಲಿ ಎಲ್ಲಿ ಕಾಣ್ತು ಭಾವಾ?”

“ಗೆಜ್ಜೆ ಕೇಳಿದ್ರೆ ನಂಗೆ ಕಾಲು ಕಾಣ್ತು” ಎಂಬುದು ಯಜಮಾನರ ಉತ್ತರ.

ಇಬ್ಬರೂ ಜೊತೆಯಾಗಿ ನೋಡಿದ ‘ಭಸ್ಮಾಸುರ ಮೋಹಿನಿ’ಯ ರಾತ್ರಿಯೊಂದಿತ್ತು. ಅದು ಯಲ್ಲಾಪುರದಲ್ಲಿ ಎಂದು ಮಾಸ್ತರರು, ಸಿದ್ದಾಪುರದಲ್ಲಿ ಎಂದು ಯಜಮಾನರು. ಈ ಒಂದು ಮಾತಿಗೆ ಎರಡು ಮದುವೆಮನೆ, ಒಂದು ಉಪನಯನ ಸಾಕ್ಷಿಯಾಗಿದ್ದವು.

ಒಂದು ಮಳೆಗಾಲದಲ್ಲಿ ಯಜಮಾನರು ತೀರಿಕೊಂಡರು. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಮೊಮ್ಮಗನು ಇಳಿಸಿ ನೋಡಿದರೆ, ಕೆಲವು ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ; ಒಂದರ ಆಟದ ನಡುವೆ ಯಾರೋ ಸಿನಿಮಾ ಹಾಡು ತುಂಬಿದ್ದಾರೆ. ಚೀಟಿಗಳ ಮೇಲೆ ಇದ್ದುದಿಷ್ಟು: “ಒಳ್ಳೇದು”, “ಇದೇ ಅದು”, “ಅಳಿಸಬೇಡಿ”. ಹುಡುಗನು ಇವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಲೋಕಕ್ಕೆ ಕೇಳಿಸಬೇಕೆಂದಿದ್ದನು. ಆದರೆ ಏನೆಂದು ಹೆಸರು ಕೊಡುವುದು? ಕೊನೆಗೆ ಮಾಸ್ತರರನ್ನು ಕರೆಸಿದನು. ಅವರು ಒಂದು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಗೆರೆ ಎಳೆದು ಕಾಲಂ ಹಾಕಿದರು: ಪ್ರಸಂಗ, ಮೇಳ, ಭಾಗವತರು, ಮದ್ದಳೆ, ಚಂಡೆ, ಪಾತ್ರಧಾರಿಗಳು, ಊರು, ಇಸವಿ. ಇಂಥ ಪೆಟ್ಟಿಗೆಯುಳ್ಳ ಯಾವ ಮನೆಯವರಾದರೂ ಇಂದೇ ಹಾಕಬಹುದಾದ ಕಾಲಮ್ಮುಗಳು ಇವು. ಕ್ಯಾಸೆಟ್ಟಿನ ಬೆನ್ನಿನ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಮುರಿದಿಟ್ಟರೆ ಆಟದ ಮೇಲೆ ಹಾಡು ಕೂರುವ ಭಯವೂ ಇಲ್ಲ.

ಒಂದು ಕ್ಯಾಸೆಟ್ಟಿನ ಮೇಲೆ “ಭಾವ ಬಂದಿದ್ದ” ಎಂದಿತ್ತು. ಹಾಕಿದೊಡನೆ ಮಾಸ್ತರರಿಗೆ ತಿಳಿಯಿತು: ಅದೇ ಮೋಹಿನಿ, ಅದೇ ರಾತ್ರಿ. ಪದ್ಯ ಮುಗಿದೊಡನೆ ಯಂತ್ರ ನಿಲ್ಲಿಸುವ ಯಜಮಾನರು ಅಂದು ಕಣ್ಣು ರಂಗದಲ್ಲಿ ನೆಟ್ಟು ಮರೆತಿದ್ದರೆಂದು ತೋರುತ್ತದೆ. ಫೀತೆ ಓಡುತ್ತಲೇ ಇತ್ತು. ಜನರ ಗದ್ದಲ, ಯಾರದೋ ಕೆಮ್ಮು, ಬಳಿಕ ಮೈಕಿನ ದನಿ:

“ಸಿದ್ದಾಪುರದ ಕಲಾಭಿಮಾನಿಗಳೇ, ನಾಳಿನ ರಾತ್ರಿ ನಮ್ಮ ಮೇಳದ ಆಟ ಯಲ್ಲಾಪುರದಲ್ಲಿ...”

ಕಸವೆಂದು ಇಷ್ಟು ಕಾಲ ಬಿಟ್ಟುಬಿಡುತ್ತಿದ್ದ ಮಾತೇ ತೀರ್ಪು ಕೊಟ್ಟಿತು. ಹುಡುಗನಿಗೆ ಈ ವ್ಯಾಜ್ಯದ ಸುದ್ದಿ ಗೊತ್ತಿರಲಿಲ್ಲ. ಮಾಸ್ತರರು ಸುಮ್ಮನಿದ್ದರೂ ನಡೆಯುತ್ತಿತ್ತು. ಯಲ್ಲಾಪುರವೆಂದು ಬರೆದರೂ ಕೇಳುವವರಿರಲಿಲ್ಲ. ಅವರು ಫೀತೆಯನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಕೇಳಿದರು. ಕನ್ನಡಕ ಒರೆಸಿಕೊಂಡು, ಊರಿನ ಕಾಲಮ್ಮಿನಲ್ಲಿ ದುಂಡಗೆ ‘ಸಿದ್ದಾಪುರ’ ಎಂದು ಬರೆದರು. ಇಸವಿ ನೆನಪಾಗಲಿಲ್ಲ, ಆ ಕಾಲಮ್ಮನ್ನು ಖಾಲಿ ಬಿಟ್ಟರು. ಬಳಿಕ ಮುಂದಿನ ಕ್ಯಾಸೆಟ್ಟಿಗಾಗಿ ಕೈ ನೀಡಿದರು.