ಸಾಲದ ಹೋಳಿಗೆ ಯಾರ ಬಾಯಿಗೆ?



ಬೆಳೆಸಾಲಕ್ಕೆಂದು ಬ್ಯಾಂಕಿನ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತಿರುವ ಮಾತಿದು. ಉತಾರ ಎಲ್ಲಿ? ಹೊಲ ಎಷ್ಟು ಎಕರೆ? ಹಿಂದಿನ ಸಾಲ ತೀರಿತೋ ಇಲ್ಲವೋ? ಸಾಲದ ರೊಕ್ಕ ಹೊಲಕ್ಕೇ ಹಾಕಿದಿರೋ, ಮಗಳ ಮದುವೆಗೆ ಬಳಸಿದಿರೋ? ಕೆಲವು ವರ್ಷಗಳ ಹಿಂದೆ ಈ ಕೊನೆಯ ಪ್ರಶ್ನೆಯನ್ನು ನನಗೂ ಕೇಳಿದರು, ಹತ್ತು ಜನರ ಎದುರಿಗೆ. ಕೇಳಿದ ಹುಡುಗ ನನ್ನ ಮಗನ ವಯಸ್ಸಿನವನು. ಸಿಟ್ಟೇನೋ ಬಂತು. ಆದರೆ ಊರಿಗೆ ಬರುವ ದಾರಿಯಲ್ಲಿ ಯೋಚಿಸಿದೆ, ಪ್ರಶ್ನೆ ತಪ್ಪಲ್ಲ. ಸಾಲ ತಂದು ಬಾವಿ ತೋಡಿಸುವುದು ಬೇರೆ, ಸಾಲ ತಂದು ಹೋಳಿಗೆ ಊಟ ಹಾಕಿಸುವುದು ಬೇರೆ. ನಮ್ಮೂರಿಗೆ ಬ್ಯಾಂಕು ಬರುವ ಮೊದಲೇ ನಮ್ಮಪ್ಪ ಈ ಮಾತು ಹೇಳುತ್ತಿದ್ದ. ಅನ್ಯಾಯ ಇರುವುದು ಎಲ್ಲೆಂದರೆ, ಈ ಪ್ರಶ್ನೆಯನ್ನು ನಮ್ಮನ್ನಷ್ಟೇ ಕೇಳುತ್ತಾರೆ. ವಿಧಾನಸೌಧವನ್ನು, ದಿಲ್ಲಿಯನ್ನು ಯಾರು ಕೇಳಬೇಕು?

ನಾನು ಹಳ್ಳಿಯ ಹೈಸ್ಕೂಲಿನಲ್ಲಿ ಕಲಿತವನು. ಅರ್ಥಶಾಸ್ತ್ರ ಓದಿಲ್ಲ, ಕೂಡಿಸಿ ಕಳೆಯಲು ಮಾತ್ರ ಬರುತ್ತದೆ. ಕೇಂದ್ರ ಸರಕಾರ 2025-26ಕ್ಕೆ ಮಂಡಿಸಿದ ಬಜೆಟ್ಟು 50 ಲಕ್ಷ 65 ಸಾವಿರ ಕೋಟಿ ರೂಪಾಯಿಯದು. ಅದರಲ್ಲಿ 15 ಲಕ್ಷ 69 ಸಾವಿರ ಕೋಟಿಯನ್ನು ಸಾಲ ಎತ್ತಿಯೇ ತುಂಬಿಸಬೇಕೆಂದು ಅವರೇ ಬರೆದುಕೊಂಡರು. ಹಳೆಯ ಸಾಲದ ಬಡ್ಡಿಗೆ ಎಂದು ತೆಗೆದಿಟ್ಟದ್ದು 12 ಲಕ್ಷ 76 ಸಾವಿರ ಕೋಟಿ. ಅಂದರೆ ಖರ್ಚು ಮಾಡುವ ನೂರು ರೂಪಾಯಿಯಲ್ಲಿ 31 ರೂಪಾಯಿ ಸಾಲದ್ದು, 25 ರೂಪಾಯಿ ಬರೀ ಬಡ್ಡಿಗೆ. ಹೊಸದಾಗಿ ತಂದ ಸಾಲದ ಐದು ಪಾಲಿನಲ್ಲಿ ನಾಲ್ಕು ಪಾಲಿನಷ್ಟು ಹಳೆ ಸಾಲದ ಬಡ್ಡಿಯೇ ಆಯಿತು. ನಮ್ಮೂರಲ್ಲಿ ಯಾವನಾದರೂ ಹೀಗೆ ಸಂಸಾರ ಮಾಡಿದರೆ ಅವನ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ.

ದಿಲ್ಲಿಯವರನ್ನು ಬೈದರೆ ಬೆಂಗಳೂರಿನವರಿಗೆ ಖುಷಿಯಾಗುತ್ತದೆ. ಅವರ ಲೆಕ್ಕವನ್ನೂ ನೋಡೋಣ. ಅದೇ ವರ್ಷದ ರಾಜ್ಯದ ಬಜೆಟ್ಟು 4,09,549 ಕೋಟಿ, ಅದರಲ್ಲಿ ಸಾಲ 1,16,000 ಕೋಟಿ. ರಾಜಸ್ವ ಕೊರತೆ 19,262 ಕೋಟಿ. ರಾಜಸ್ವ ಕೊರತೆ ಎಂಬ ದೊಡ್ಡ ಶಬ್ದಕ್ಕೆ ಹೆದರಬೇಡಿ. ಗಳಿಕೆ ದಿನದ ಊಟಕ್ಕೂ ಸಾಲುವುದಿಲ್ಲ, ಊಟಕ್ಕೂ ಸಾಲ ತಂದಿದ್ದೇವೆ ಎಂದು ಅದರ ಅರ್ಥ. ಬಾವಿಯ ಸಾಲ ಅಲ್ಲ, ಹೋಳಿಗೆಯ ಸಾಲ.

ಐದು ಗ್ಯಾರಂಟಿಗಳಿಗೆ ಆ ವರ್ಷ ಇಟ್ಟದ್ದು 51,034 ಕೋಟಿ. ಬಡವರಿಗೆ ಕೊಟ್ಟರೆಂದು ನನಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಮನೆಯಾಕೆಗೂ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ. ಗಂಡನ ಮುಂದೆ ಕೈಚಾಚದೆ ಆಕೆಯ ಕೈಯಲ್ಲಿ ತನ್ನದೆಂಬ ರೊಕ್ಕ ನಿಂತಿತಲ್ಲ, ಅದನ್ನು ನಾನು ಅಲ್ಲಗಳೆಯುವವನಲ್ಲ. ಆದರೆ 2025ರ ಸುಗ್ಗಿಯ ಲೆಕ್ಕ ಕೇಳಿ. ಗೋವಿನಜೋಳಕ್ಕೆ ಕೇಂದ್ರ ಸರಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲ್ಲಿಗೆ 2,400 ರೂಪಾಯಿ. ನನ್ನ ಮಾಲು ದಲಾಲಿ ಅಂಗಡಿಯಲ್ಲಿ ಹೋದದ್ದು 1,700ಕ್ಕೆ. ಐವತ್ತು ಕ್ವಿಂಟಲ್ಲಿಗೆ ಕಳೆದುಕೊಂಡದ್ದು 35 ಸಾವಿರ. ಗೃಹಲಕ್ಷ್ಮಿ ಒಂದು ಕಂತೂ ತಪ್ಪದೆ ಬಂತೆಂದೇ ಹಿಡಿಯಿರಿ, ವರ್ಷಕ್ಕೆ 24 ಸಾವಿರ. ದಿಲ್ಲಿಯ ಕಿಸಾನ್ ಸಮ್ಮಾನ್ 6 ಸಾವಿರ. ಎರಡೂ ಸೇರಿ 30 ಸಾವಿರ ಕೊಟ್ಟರು, ಒಂದೇ ಬೆಳೆಯಲ್ಲಿ 35 ಸಾವಿರ ಹೋಯಿತು. ಬೆಲೆ ಬಿದ್ದಾಗ ರಾಜ್ಯದವರು ಕೇಂದ್ರಕ್ಕೆ ಬೆರಳು ತೋರಿಸಿದರು, ಕೇಂದ್ರದವರು ರಾಜ್ಯಕ್ಕೆ. ಹಾವೇರಿ, ಗದಗ ಕಡೆ ರೈತರು ಬೀದಿಗೆ ಬಿದ್ದ ಮೇಲೆ ಖರೀದಿಯ ಮಾತು ಬಂತು. ಅಷ್ಟರಲ್ಲಿ ನನ್ನಂಥವರ ಕಣ ಖಾಲಿಯಾಗಿತ್ತು. ಈ ಲೆಕ್ಕವನ್ನು ಮನೆಯಾಕೆಗೆ ಓದಿ ಹೇಳಿದೆ. "ಮೊದಲ ಗೋವಿನಜೋಳಕ್ಕ ಸರಿ ರೇಟು ಕೊಡಸ್ರಿ, ಆಮ್ಯಾಲ ನನ್ನ ರೊಕ್ಕದ ಸುದ್ದಿ ತಗೀರಿ" ಅಂದಳು.

ಇನ್ನು ಈ ರೊಕ್ಕ ಬರುವುದಾದರೂ ಎಲ್ಲಿಂದ? 2025-26ರಲ್ಲಿ ಗೃಹಲಕ್ಷ್ಮಿಗೆ ಇಟ್ಟದ್ದು 28,608 ಕೋಟಿ. ಅದೇ ಬಜೆಟ್ಟಿನಲ್ಲಿ ಹೆಂಡ, ಸಾರಾಯಿಯ ಅಬಕಾರಿಯಿಂದ ಎತ್ತಬೇಕೆಂದು ಇಟ್ಟುಕೊಂಡ ಗುರಿ 40,000 ಕೋಟಿ. ಹೆಂಡತಿಯ ಖಾತೆಗೆ ಹಾಕಿ ಗಂಡನ ಕಿಸೆಯಿಂದ ತೆಗೆಯುವ ಈ ಬುದ್ಧಿ ಯಾವ ಸಾಹುಕಾರನಿಗೂ ಹೊಳೆದಿರಲಿಲ್ಲ. ಡೀಸೆಲ್ಲಿನ ತೆರಿಗೆಯನ್ನು 2024ರ ಜೂನಿನಲ್ಲಿ ಏರಿಸಿದರು, 2025ರ ಏಪ್ರಿಲ್ಲಿನಲ್ಲಿ ಮತ್ತೆ ಏರಿಸಿದರು. ಟ್ರ್ಯಾಕ್ಟರ್ ಬಾಡಿಗೆ ಕೊಡುವಾಗ ಅದು ನಮಗೆ ನೆನಪಾಗುತ್ತದೆ.

ನಿಮ್ಮ ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು ಇಲ್ಲವೇನ್ರೀ ಅಂತ ಪೇಟೆಯವರು ಕೇಳುತ್ತಾರೆ. ಇದೆ, ಹತ್ತು ಎಚ್‌ಪಿವರೆಗೆ. ಇಲ್ಲ ಅನ್ನುವುದು ಸುಳ್ಳಾದೀತು. ಅದೂ ಸಾಲದ ಹೋಳಿಗೆಯ ಒಂದು ತುಂಡೇ. ಬೆಳೆದದ್ದಕ್ಕೆ ಖರ್ಚು ಹುಟ್ಟುವ ಬೆಲೆ ಕೊಡಿ, ಮೀಟರ್ ಕೂಡಿಸಿಕೊಂಡು ಬಿಲ್ಲು ಕಟ್ಟುತ್ತೇವೆ ಎಂದು ಹೇಳುವ ಧೈರ್ಯ ನಮಗೂ ಬರಬೇಕು. ಆದರೆ ಅಲ್ಲಿಯೂ ಏನಾಯಿತು ನೋಡಿ. 2023ರ ಸೆಪ್ಟೆಂಬರ್ ಆದ ಮೇಲೆ ಹೊಸದಾಗಿ ಅರ್ಜಿ ಹಾಕಿದ ರೈತ ಕಂಬ, ತಂತಿಯ ಖರ್ಚನ್ನು ತಾನೇ ಹೊರಬೇಕೆಂದು ಆದೇಶ ಬಂತು. ಹತ್ತಾರು ವರ್ಷ ಉಳಿಯುವ ಕಂಬಕ್ಕೆ ರೊಕ್ಕ ಇಲ್ಲ, ತಿಂಗಳಲ್ಲಿ ಕರಗುವುದಕ್ಕೆ ಇದೆ.

ಶಾಸಕರ ಸಂಬಳಕ್ಕೂ ಇದೆ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ. ವಿರೋಧ ಪಕ್ಷದ 18 ಶಾಸಕರನ್ನು ಅಮಾನತು ಮಾಡಿದ ದಿನ ಅದು. ಆ ಗದ್ದಲದಲ್ಲೇ, ಚರ್ಚೆಯಿಲ್ಲದೆ, ಶಾಸಕರ ಸಂಬಳ ತಿಂಗಳಿಗೆ 40 ಸಾವಿರ ಇದ್ದದ್ದು 80 ಸಾವಿರ ಆಯಿತು, ಮುಖ್ಯಮಂತ್ರಿಗಳದು 75 ಸಾವಿರದಿಂದ ಒಂದೂವರೆ ಲಕ್ಷ. ಭತ್ಯೆ ಬೇರೆ. ಕಿಸಾನ್ ಸಮ್ಮಾನದ 6 ಸಾವಿರ ಮಾತ್ರ 2019ರಲ್ಲಿ ಶುರುವಾದಾಗ ಎಷ್ಟಿತ್ತೋ 2025ರಲ್ಲೂ ಅಷ್ಟೇ ಇತ್ತು. ಗೊಬ್ಬರದ ಅಂಗಡಿಯವನು ಆ ಆರು ವರ್ಷ ನಮಗಾಗಿ ಕಾದು ಕೂತಿರಲಿಲ್ಲ.

ದೊಡ್ಡವರ ಸಾಲದ ಮಾತು ಎತ್ತಿದರೆ ಪುಟ ಸಾಲದು. 2016-17ರಿಂದ 2020-21ರವರೆಗೆ ಕೇಂದ್ರ ಸರಕಾರ ತನ್ನ ಬ್ಯಾಂಕುಗಳಿಗೆ ತುಂಬಿದ ಬಂಡವಾಳ 3 ಲಕ್ಷ 10 ಸಾವಿರ ಕೋಟಿ, ಅದರಲ್ಲೂ ಬಹುಪಾಲು ಸಾಲಪತ್ರ ಬರೆದುಕೊಟ್ಟು. ಆ ಬ್ಯಾಂಕುಗಳ ಹೊಟ್ಟೆ ಬರಿದಾದದ್ದು ನಮ್ಮ ಬೆಳೆಸಾಲದಿಂದ ಎಂದು ಯಾರಾದರೂ ಎದೆ ಮುಟ್ಟಿ ಹೇಳಲಿ.

1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡು ಹಾರಿದಾಗ ನಾನು ಸಣ್ಣ ಹುಡುಗ. ಮಲಪ್ರಭೆಯ ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಕಟ್ಟಿ ಎಂದು ಸರಕಾರ ಕೂತಿತ್ತು. ಕಾಲುವೆ ಕಟ್ಟಿದ ಖರ್ಚು ಯಾರದು, ಲಾಭ ಯಾರಿಗೆ, ಲೆಕ್ಕ ಕೊಡಿ ಎಂದು ಕೇಳಿದವರು ಆ ರೈತರು. ಈಗ ಕೇಳುವ ನಾಲಿಗೆಗೇ ತಿಂಗಳ ಕಂತು ಕಟ್ಟಿದ್ದಾರೆ. ಪ್ರಜೆ ಎಂಬ ಶಬ್ದ ಹೋಗಿ ಫಲಾನುಭವಿ ಎಂಬ ಶಬ್ದ ಬಂದಿದೆ, ಎಲ್ಲ ಪಕ್ಷಗಳ ಬಾಯಲ್ಲೂ. ಒಬ್ಬ ಎರಡು ಸಾವಿರ ಅಂದರೆ ಇನ್ನೊಬ್ಬ ಎರಡೂವರೆ ಅನ್ನುತ್ತಾನೆ, ದನದ ಸಂತೆಯ ಸವಾಲಿನ ಹಾಗೆ. ಊರ ಮಟ್ಟದಲ್ಲಿ ಕೇಳೋಣವೆಂದರೆ, 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ ನಾಲ್ಕು ವರ್ಷ ಉರುಳಿದರೂ ಚುನಾವಣೆ ಮಾಡಲಿಲ್ಲ. ಒಂದು ಪಕ್ಷದ ಸರಕಾರ ಹೋಗಿ ಇನ್ನೊಂದು ಬಂತು, ಎರಡೂ ಇದರಲ್ಲಿ ಅಣ್ಣತಮ್ಮಂದಿರು.

ಅದಕ್ಕೆ ನನ್ನದೊಂದು ಸೂಚನೆ. ಬ್ಯಾಂಕಿನಲ್ಲಿ ಸಾಲದ ಅರ್ಜಿಯ ಫಾರಂ ಪುಕ್ಕಟೆ ಸಿಗುತ್ತದೆ. ಒಂದೊಂದು ತನ್ನಿ. ಅರ್ಜಿದಾರರು ಎಂಬಲ್ಲಿ ಸರಕಾರ ಎಂದು ಬರೆಯಿರಿ. ವಾರ್ಷಿಕ ಗಳಿಕೆ, ಇರುವ ಸಾಲ, ಹೊಸ ಸಾಲ ಯಾವ ಕೆಲಸಕ್ಕೆ, ತೀರಿಸುವ ಬಗೆ, ಜಾಮೀನು ಯಾರದು, ಈ ಕಾಲಂಗಳನ್ನು ಖಾಲಿ ಬಿಟ್ಟು ನಿಮ್ಮ ಶಾಸಕರಿಗೊಂದು, ಸಂಸದರಿಗೊಂದು ಅಂಚೆಯಲ್ಲಿ ಕಳಿಸಿ, ತುಂಬಿ ವಾಪಸು ಕೊಡಲು ಹೇಳಿ. ಯಾವ ಪಕ್ಷದವರೇ ಆಗಿರಲಿ, ಬಿಡಬೇಡಿ. ನಾನು ಎರಡು ಕಳಿಸಿದ್ದೇನೆ. ಉತ್ತರ ಬಂದವರು ಈ ಪತ್ರಿಕೆಗೊಂದು ಪ್ರತಿ ಹಾಕಿ, ಎಲ್ಲರೂ ಓದೋಣ.