ವಕಾಲತ್ತಿಗೆ ಸಹಿ ಯಾರದು?

ವಕೀಲಿ ವೃತ್ತಿಗೆ ಕಾಲಿಟ್ಟವನು ಮೊದಲು ಕಲಿಯುವ ಪಾಠವೊಂದುಂಟು. ಕಕ್ಷಿಗಾರನ ಸಹಿಯಿಲ್ಲದ ವಕಾಲತ್ತು ಬರಿಯ ಕಾಗದದ ಚೂರು. ವಕೀಲನು ಎಂಥ ವಿದ್ವಾಂಸನೇ ಇರಲಿ, ಎಂಥ ವಾಗ್ಮಿಯೇ ಇರಲಿ, ಯಾರ ಪರವಾಗಿ ಎದ್ದು ನಿಂತಿರುವನೋ ಆತನ ಸಹಿ ಅಥವಾ ಹೆಬ್ಬೆಟ್ಟು ಆ ಕಾಗದದ ಮೇಲೆ ಬೀಳದಿದ್ದರೆ ನ್ಯಾಯಾಸನವು ಅವನ ಮಾತಿಗೆ ಕಿವಿಗೊಡದು. ಒಬ್ಬ ವಕೀಲನ ವಕಾಲತ್ತಿಗೆ ಇನ್ನೊಬ್ಬ ವಕೀಲನು ಸಹಿ ಮಾಡಿಕೊಟ್ಟರೆ ಸಾಲದು. ಯರಗಟ್ಟಿಯ ಸಂತೆಗೆ ಬರುವ ಅಕ್ಷರ ಬಾರದ ಒಕ್ಕಲಿಗನೂ ಇದನ್ನು ಬಲ್ಲನು. ಹಾಗಾದರೆ, ವಾಚಕ ಮಹಾಶಯರೇ, ದುಡಿಯುವವರ ಪರವಾಗಿ ವಾದಿಸಲೆಂದೇ ಹುಟ್ಟಿದ ಪಕ್ಷದ ಮುಂದಾಳುವಿಗೆ ಈ ನಿಯಮವು ಸಲ್ಲಬೇಡವೇ?

ಪ್ರಶ್ನೆಯು ಸುಮ್ಮನೆ ಎದ್ದುದಲ್ಲ. ಭಾರತ ಕಮ್ಯುನಿಸ್ಟ್ ಪಕ್ಷದ (ಮಾರ್ಕ್ಸ್‌ವಾದಿ) ಪ್ರಧಾನ ಕಾರ್ಯದರ್ಶಿಗಳಾಗಿದ್ದ ಸೀತಾರಾಮ ಯೆಚೂರಿಯವರು 2024ರ ಸೆಪ್ಟೆಂಬರ್ 12ರಂದು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಮುಂದೆ ಆರು ತಿಂಗಳಿಗೂ ಮಿಕ್ಕಿ ಆ ಸ್ಥಾನವು ಬರಿದಾಗಿತ್ತು. ಹಿಂದಿನ ಕಾರ್ಯದರ್ಶಿ ಪ್ರಕಾಶ ಕಾರಟರು ಸಂಯೋಜಕರೆಂದು ಭಾರ ಹೊತ್ತರು. 2025ರ ಏಪ್ರಿಲಿನಲ್ಲಿ ಮದುರೆಯಲ್ಲಿ ಕೂಡಿದ 24ನೆಯ ಮಹಾಧಿವೇಶನದಲ್ಲಿ ಕೇರಳದ ಎಂ. ಎ. ಬೇಬಿಯವರು ಆ ಪದವಿಗೆ ಬಂದರು. ಬೇಬಿಯವರ ಯೋಗ್ಯತೆಯ ಬಗ್ಗೆ ನಮ್ಮ ತಕರಾರಿಲ್ಲ. ನಮ್ಮ ತಕರಾರು ಆರಿಸುವ ರೀತಿಯದು.

ಆ ರೀತಿಯಾದರೂ ಎಂಥದು? ಹಳೆಯ ಕೇಂದ್ರ ಸಮಿತಿಯು ಹೊಸ ಸಮಿತಿಯ ಹೆಸರುಗಳ ಯಾದಿಯನ್ನು ತಾನೇ ಸಿದ್ಧಪಡಿಸಿ ಅಧಿವೇಶನದ ಮುಂದಿಡುತ್ತದೆ. ಪ್ರತಿನಿಧಿಗಳು ಬೇರೆ ಹೆಸರು ಸೂಚಿಸಬಹುದೆಂಬ ನಿಯಮವೇನೋ ಉಂಟು. ಸೂಚಿಸಿದವನನ್ನು ಮಾತ್ರ ಎಲ್ಲರೂ ಹೊರಳಿ ನೋಡುತ್ತಾರೆ! ಹೀಗೆ ಆರಿಸಿ ಬಂದ ಸಮಿತಿಯು ಪ್ರಧಾನ ಕಾರ್ಯದರ್ಶಿಯನ್ನು ಆರಿಸುತ್ತದೆ. ಬಿಸಿಲಲ್ಲಿ ಬಾವುಟ ಹಿಡಿದು ನಿಂತ ಸಾಮಾನ್ಯ ಸದಸ್ಯನ ಮತವು ಆ ಪದವಿಯ ಬಾಗಿಲಿಗೆ ನೇರವಾಗಿ ಎಂದೂ ಮುಟ್ಟುವುದಿಲ್ಲ. ಮದುರೆಯಲ್ಲಿ ಮಹಾರಾಷ್ಟ್ರದ ಕಾರ್ಮಿಕ ಸಂಘಟಕ ಡಿ. ಎಲ್. ಕರಾಡರು ಯಾದಿಯ ಹೊರಗೆ ನಿಂತು ಕೇಂದ್ರ ಸಮಿತಿಗೆ ಸ್ಪರ್ಧಿಸಿದರು. ಗುಪ್ತ ಮತದಾನವಾಯಿತು. ಅವರಿಗೆ 31 ಮತಗಳು ಬಿದ್ದವು, ಅವರು ಸೋತರು. ಇದನ್ನು ಕೆಲವರು ಅಪಶಕುನವೆಂದು ಬಗೆದರು. ನಾವು ಶುಭಶಕುನವೆನ್ನುತ್ತೇವೆ! ಆ 31 ಚೀಟಿಗಳಿಂದ ಪಕ್ಷವು ಒಡೆಯಲಿಲ್ಲ. ಯಾದಿಯಲ್ಲಿದ್ದವರ ಗೆಲುವಿಗೆ ಅವು ಹೆಚ್ಚಿನ ಮರ್ಯಾದೆಯನ್ನೇ ತಂದವು. ಎದುರಾಳಿಯಿಲ್ಲದ ಕುಸ್ತಿಯಲ್ಲಿ ಗೆದ್ದವನಿಗೆ ಯಾವ ಊರಿನಲ್ಲಿ ಬೆಳ್ಳಿಯ ಕಡಗ ತೊಡಿಸುತ್ತಾರೆ?

ಇದಕ್ಕೆ ಪ್ರತಿಪಕ್ಷದವರು ಹೇಳುವ ಸಮಾಧಾನವು ನಮಗೆ ತಿಳಿಯದ್ದಲ್ಲ. “ನಮ್ಮದು ಶಿಸ್ತಿನ ಪಕ್ಷ. ಬಹಿರಂಗ ಸ್ಪರ್ಧೆಯಿಂದ ಗುಂಪುಗಳು ಹುಟ್ಟುವವು, ವೈರಿಗಳು ನಗುವರು. ಹಣವುಳ್ಳವರ ಪಕ್ಷಗಳಂತೆ ವ್ಯಕ್ತಿಪೂಜೆ ಬೆಳೆಯುವುದು” ಎಂದು ಅವರ ವಾದ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಮನೆತನದ ಹಿರಿಯನ ಕಣ್ಸನ್ನೆಯಿಂದ ಅಧ್ಯಕ್ಷರು ನೇಮಕವಾಗುವ ಪಕ್ಷಗಳು ಈ ದೇಶದಲ್ಲಿ ತುಂಬಿರುವಾಗ, ಕೆಳಗಿನ ಶಾಖೆಯಿಂದ ಮೇಲಿನವರೆಗೆ ಸಮ್ಮೇಲನ ಕೂಡಿಸಿ ಲೆಕ್ಕ ಒಪ್ಪಿಸುವ ಈ ಪಕ್ಷವು ಮೇಲೆಂದು ನಾವೂ ಒಪ್ಪುತ್ತೇವೆ. ಆದರೆ ಗುಂಪುಗಳು ಸ್ಪರ್ಧೆಯಿಂದ ಹುಟ್ಟುವವೆಂಬುದು ಸುಳ್ಳು. ಸ್ಪರ್ಧೆಯು ಅವುಗಳನ್ನು ಕತ್ತಲೆಯ ಕೋಣೆಯಿಂದ ಅಂಗಳಕ್ಕೆ ತರುತ್ತದೆ, ಅಷ್ಟೆ. 1964ರಲ್ಲಿ ಕಮ್ಯುನಿಸ್ಟ್ ಪಕ್ಷವು ಇಬ್ಭಾಗವಾದಾಗ ಬಹಿರಂಗ ಸ್ಪರ್ಧೆ ಎಲ್ಲಿತ್ತು? 32 ಜನರು ರಾಷ್ಟ್ರೀಯ ಮಂಡಳಿಯಿಂದ ಎದ್ದು ಹೊರನಡೆದರು. ಎಷ್ಟೋ ವರ್ಷ ಮುಚ್ಚಿಟ್ಟ ಭೇದವು ಒಂದೇ ದಿನ ಸ್ಫೋಟಗೊಂಡಿತು.

ಮತದಾನವೊಂದೇ ಸಾಕೆಂದೂ ನಾವು ಹೇಳುವುದಿಲ್ಲ. 1939ರಲ್ಲಿ ತ್ರಿಪುರಿ ಕಾಂಗ್ರೆಸ್ಸಿನ ಅಧ್ಯಕ್ಷತೆಗೆ ಸುಭಾಷಚಂದ್ರ ಬೋಸರು 1580 ಮತಗಳನ್ನೂ ಪಟ್ಟಾಭಿ ಸೀತಾರಾಮಯ್ಯನವರು 1377 ಮತಗಳನ್ನೂ ಪಡೆದರು. ಗೆದ್ದವರ ಕೈಗೆ ಕಾರ್ಯಕಾರಿ ಸಮಿತಿಯನ್ನು ರಚಿಸುವ ಸ್ವಾತಂತ್ರ್ಯವೇ ಉಳಿಯಲಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಬೋಸರು ರಾಜೀನಾಮೆ ಕೊಟ್ಟರು. ಇಂಗ್ಲಂಡದ ಲೇಬರ ಪಕ್ಷದಲ್ಲಿ 2015ರಲ್ಲಿ ಸಾಮಾನ್ಯ ಸದಸ್ಯರು ಜೆರೆಮಿ ಕಾರ್ಬಿನರನ್ನು ಆರಿಸಿದರು. ಮರುವರ್ಷವೇ ಅವರ ಪಕ್ಷದ ಪಾರ್ಲಿಮೆಂಟು ಸದಸ್ಯರು 172ಕ್ಕೆ 40ರಂತೆ ಅವರಲ್ಲಿ ಅವಿಶ್ವಾಸ ಸೂಚಿಸಿದರು. ಸದಸ್ಯರು ಮತ್ತೆ ಅವರನ್ನೇ ಗೆಲ್ಲಿಸಿದರು. ಎರಡು ಕಾಲ, ಎರಡು ದೇಶ, ಪಾಠ ಒಂದೇ. ಕೆಳಗಿನವರು ಕೊಟ್ಟ ತೀರ್ಪನ್ನು ಮೇಲಿನವರು ತಲೆಬಾಗಿ ಒಪ್ಪದಿದ್ದರೆ ಚುನಾವಣೆಯು ನಾಟಕವಾಗುವುದು. ಆದರೆ ತೀರ್ಪು ಮುರಿಯುವವರಿದ್ದಾರೆಂದು ನ್ಯಾಯಾಲಯವನ್ನೇ ಮುಚ್ಚುವರೇ?

ಇನ್ನು ನಿಯಮಗಳ ಮಾತು. 75 ವಯಸ್ಸು ದಾಟಿದವರು ಸಮಿತಿಗಳಿಂದ ಇಳಿಯಬೇಕೆಂಬ ಕಟ್ಟಳೆಯನ್ನು ಪಕ್ಷಗಳು ತಾವೇ ಮಾಡಿಕೊಂಡವು, ಒಳ್ಳೆಯ ಕಟ್ಟಳೆಯೇ. ಆದರೆ ಮದುರೆಯಲ್ಲಿ ಕೇರಳದ ಪಿಣರಾಯಿ ವಿಜಯನ್ ಅವರಿಗೆ ವಿನಾಯಿತಿ ದೊರೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚಂಡೀಗಡದಲ್ಲಿ ಕೂಡಿದ ಭಾರತ ಕಮ್ಯುನಿಸ್ಟ್ ಪಕ್ಷವು ಡಿ. ರಾಜಾ ಅವರಿಗೂ ವಿನಾಯಿತಿಯಿತ್ತು ಮತ್ತೆ ಪ್ರಧಾನ ಕಾರ್ಯದರ್ಶಿಯನ್ನಾಗಿಸಿತು. ಅನಿವಾರ್ಯವೆಂದು ಕಾರಣ ಹೇಳುವುದು ಸುಲಭ. ಆದರೆ ಒಬ್ಬನು ಅನಿವಾರ್ಯನಾದನೆಂದರೆ ಅದು ಅವನ ಹಿರಿಮೆಗಿಂತ ಹೆಚ್ಚಾಗಿ, ಎರಡನೆಯವನನ್ನು ಬೆಳೆಸದ ಸಂಸ್ಥೆಯ ಬಡತನವನ್ನು ಸಾರುತ್ತದೆ.

ದೆಹಲಿ ಮದುರೆಗಳ ಈ ಸಂಗತಿಯಿಂದ ನಮ್ಮ ನಾಡಿಗೇನು ಎಂದು ಕೇಳುವಿರಾ? ನಮ್ಮ ನೆರೆಯನ್ನೇ ನೋಡಿರಿ. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದಿತು. ನೀರಿನ ಬೆನ್ನಲ್ಲೇ ಕರವೂ ಬಂದಿತು. 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ಗೋಳೀಬಾರಿಗೆ ರೈತರು ಬಲಿಯಾದರು. ಆ ಕಿಚ್ಚಿನಿಂದ ರೈತಸಂಘವು ಬಲಗೊಂಡಿತು; ಎಡಪಕ್ಷಗಳು ಬಲಗೊಳ್ಳಲಿಲ್ಲ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3500 ರೂಪಾಯಿ ಕೇಳಿ ಹಗಲಿರುಳು ಕುಳಿತರು. ಸರಕಾರವು 3300 ಎಂದು ಸಾರಬೇಕಾಯಿತು. ಅವರೂ ಯಾವ ಕೇಂದ್ರ ಸಮಿತಿಯ ಅಪ್ಪಣೆಗೂ ಕಾಯಲಿಲ್ಲ. ಮಾರ್ಕ್ಸ್‌ವಾದಿ ಪಕ್ಷದವರು ನಮ್ಮ ವಿಧಾನಸಭೆಗೆ ಬಾಗೇಪಲ್ಲಿಯಿಂದ 2004ರಲ್ಲಿ ಆರಿಸಿ ಬಂದದ್ದೇ ಕೊನೆ. ಕಕ್ಷಿಗಾರರು ಇದ್ದಾರೆ, ಖಟ್ಲೆಯೂ ಇದೆ; ವಕೀಲರು ಮಾತ್ರ ಬೇರೆ ಊರಿನ ಕಚೇರಿಯಲ್ಲಿ ಕುಳಿತಿದ್ದಾರೆ!

1964ರಿಂದೀಚೆಗೆ ಆ ಪಕ್ಷಕ್ಕೆ ಆರು ಪ್ರಧಾನ ಕಾರ್ಯದರ್ಶಿಗಳಾದರು. ಕನ್ನಡಿಗರು ಒಬ್ಬರೂ ಇಲ್ಲ. ಇದನ್ನು ಮತ್ಸರದಿಂದ ಹೇಳುತ್ತಿಲ್ಲ. ಕನ್ನಡ ನೆಲದಲ್ಲಿ ಎಡಪಂಥದ ಹಿರಿಯರಿಗೆ ಬರವಿರಲಿಲ್ಲ. ಕಾಸರಗೋಡು ಸೀಮೆಯಲ್ಲಿ ಹುಟ್ಟಿದ ಬಿ. ವಿ. ಕಕ್ಕಿಲ್ಲಾಯರು 1952ರಿಂದ 1954ರವರೆಗೆ ರಾಜ್ಯಸಭೆಯಲ್ಲಿದ್ದು, ಕೆಂಬಾವುಟವನ್ನೂ ಕರ್ನಾಟಕದ ಏಕೀಕರಣವನ್ನೂ ಒಟ್ಟಿಗೆ ಎತ್ತಿ ಹಿಡಿದರು. ಕಲಬುರ್ಗಿಯ ಮಾರುತಿ ಮಾನ್ಪಡೆಯವರು 2020ರಲ್ಲಿ ಕಣ್ಣುಮುಚ್ಚುವವರೆಗೆ ರೈತರ, ಕೂಲಿಕಾರರ ನಡುವೆಯೇ ಬದುಕಿದರು. ಇಂಥವರನ್ನು ಹೊಲವೇ ಬೆಳೆಸಿತು. 1920ರಲ್ಲಿ ನಾಗಪುರ ಕಾಂಗ್ರೆಸ್ಸು ಭಾಷೆಯ ಮೇರೆಗೆ ಪ್ರಾಂತ ಸಮಿತಿಗಳನ್ನು ಕಟ್ಟಿದಾಗ, ಸರಕಾರದ ನಕಾಶೆಯಲ್ಲಿ ಕರ್ನಾಟಕವು ಮೂಡುವುದಕ್ಕೆ ಇನ್ನೂ 36 ವರ್ಷಗಳಿದ್ದವು. ಪಕ್ಷವು ಜನರ ನುಡಿಯಲ್ಲಿ ಮಾತನಾಡತೊಡಗಿದ ಮೇಲೆಯೇ ಹಳ್ಳಿಯವನು ಅದನ್ನು ತನ್ನದೆಂದನು.

ಆದುದರಿಂದ ಎಡಪಕ್ಷದ ಬಂಧುಗಳಲ್ಲಿ ನಮ್ಮ ಬೇಡಿಕೆ ಮೂರು. ಮುಂದಾಳುವಿನ ಪದವಿಗೆ ಒಂದಕ್ಕಿಂತ ಹೆಚ್ಚು ಹೆಸರುಗಳು ಬಹಿರಂಗವಾಗಿ ಬರಲಿ. ಆ ಉಮೇದುವಾರರು ತಮ್ಮ ದಾರಿಯೇನೆಂಬುದನ್ನು ಜಿಲ್ಲೆಜಿಲ್ಲೆಯ ಸದಸ್ಯರ ಮುಂದೆ, ಆಯಾ ನಾಡಿನ ನುಡಿಯಲ್ಲಿ ಹೇಳಲಿ. ಶಾಖೆಯ ಕಟ್ಟಕಡೆಯ ಸದಸ್ಯನೂ ಗುಪ್ತವಾಗಿ ಮತ ಹಾಕಲಿ. ಹಾಗೆ ಆರಿಸಿ ಬಂದವರು ಮಲೆಯಾಳಿಯಾಗಲಿ, ಬಂಗಾಲಿಯಾಗಲಿ, ಕನ್ನಡಿಗರಾಗಲಿ, ಅವರ ಮಾತಿಗೆ ತೂಕವಿರುವುದು.

ಬಂಧುಗಳೇ, ನಿಮ್ಮ ವಾದ ದೊಡ್ಡದು. ಬಡವನ ಅನ್ನದ ವಾದ. ಅದನ್ನು ಸಹಿಯಿಲ್ಲದ ವಕಾಲತ್ತಿನಿಂದ ಕೆಡಿಸಬೇಡಿರಿ. ಕಾಗದವನ್ನು ಕಕ್ಷಿಗಾರನ ಕೈಗೆ ಕೊಡಿರಿ. ಅವನಿಗೆ ಸಹಿ ಬಾರದಿದ್ದರೆ ಹೆಬ್ಬೆಟ್ಟನ್ನಾದರೂ ಒತ್ತುವನು!