ಹೊಸ ತಳಿಗೆ ಡಿಎನ್‌ಎ ಸಾಕ್ಷಿಯೊಂದೇ ಸಾಕೇ?

ಕೃಷಿ ವಿಜ್ಞಾನದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾನೆ. ಒಂದು ಕೂದಲೆಳೆಯಿಂದ ಅಪರಾಧಿಯನ್ನು ಪತ್ತೆ ಮಾಡುವ ಡಿಎನ್‌ಎ ಪರೀಕ್ಷೆ ಇರುವಾಗ, ಹೊಸ ತಳಿಯೊಂದನ್ನು ಗುರುತಿಸಲು ವರ್ಷಗಟ್ಟಲೆ ಹೊಲದಲ್ಲಿ ಬೆಳೆದು ನೋಡುವುದೇಕೆ ಎಂಬುದು ಅವನ ಪ್ರಶ್ನೆ. ಪ್ರಶ್ನೆ ಚೆನ್ನಾಗಿದೆ. ಉತ್ತರವು ನಿಮಗೆಲ್ಲರಿಗೂ ಉಪಯುಕ್ತವಾದೀತೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಕಾನೂನನ್ನು ನೋಡೋಣ. ನಮ್ಮ ದೇಶದಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು 2001ರಲ್ಲಿ ರೂಪುಗೊಂಡಿತು. ಹೊಸ ತಳಿಯೊಂದು ಅದರಡಿ ನೋಂದಣಿಯಾಗಬೇಕಾದರೆ ನವೀನತೆಯ ಜೊತೆಗೆ ಮೂರು ಗುಣಗಳಿರಬೇಕು: ಈಗಾಗಲೇ ತಿಳಿದಿರುವ ತಳಿಗಳಿಂದ ಅದು ಭಿನ್ನವಾಗಿರಬೇಕು, ಗಿಡಗಿಡವೂ ಸಮರೂಪವಾಗಿರಬೇಕು, ತಲೆಮಾರಿನಿಂದ ತಲೆಮಾರಿಗೆ ಸ್ಥಿರವಾಗಿರಬೇಕು. 2003ರ ನಿಯಮಗಳ ಪ್ರಕಾರ ಈ ಪರೀಕ್ಷೆಯನ್ನು ಕನಿಷ್ಠ ಎರಡು ಬೆಳೆ ಹಂಗಾಮುಗಳಲ್ಲಿ, ಒಂದಕ್ಕಿಂತ ಹೆಚ್ಚು ಸ್ಥಳಗಳ ಹೊಲಗಳಲ್ಲಿ ನಡೆಸಬೇಕು. ಪ್ರಯೋಗಾಲಯದ ವಿಶೇಷ ಪರೀಕ್ಷೆಯು, ಹೊಲದಲ್ಲಿ ಭಿನ್ನತೆ ತೀರ್ಮಾನವಾಗದಿದ್ದಾಗ ಮಾತ್ರ.

ನಮ್ಮ ರಾಗಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ತೆನೆಯು ಬಿಚ್ಚಿಕೊಂಡಿದೆಯೇ, ಒಳಬಾಗಿದೆಯೇ, ಮುಷ್ಟಿಯಂತೆ ಬಿಗಿದಿದೆಯೇ, ತೆನೆಗೆ ಎಷ್ಟು ಬೆರಳು, ಕಾಳಿನ ಬಣ್ಣವೇನು, ಹೂ ಬಿಡಲು ಎಷ್ಟು ದಿನ ಎಂಬ ಲಕ್ಷಣಗಳನ್ನು ಪರೀಕ್ಷಕರು ಗಿಡದ ಮುಂದೆ ನಿಂತು ದಾಖಲಿಸುತ್ತಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ 'ರಾಗಿ ಲಕ್ಷ್ಮಣಯ್ಯ'ನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ 'ಇಂಡಾಫ್' ತಳಿಗಳನ್ನು ನಾಡಿಗೆ ಕೊಟ್ಟದ್ದು, ಅತಿ ಸಣ್ಣ ಹೂವಿನ ಈ ಬೆಳೆಯಲ್ಲಿ ತಾಳ್ಮೆಯಿಂದ ಗಿಡಗಳನ್ನು ಆರಿಸಿ. ಹೊಲದಲ್ಲಿ ಪಳಗಿದ ಕಣ್ಣನ್ನು ಹಗುರವಾಗಿ ಕಾಣುವುದು ತರವಲ್ಲ.

ಹಾಗೆಂದು ಡಿಎನ್‌ಎ ತಂತ್ರವನ್ನು ಕಡೆಗಣಿಸುವಂತೆಯೂ ಇಲ್ಲ. ಎಳೆಯ ಎಲೆಯ ಒಂದು ಚೂರು ಸಾಕು. ಡಿಎನ್‌ಎ ಸರಪಳಿಯ ಕೆಲವು ನಿರ್ದಿಷ್ಟ ತಾಣಗಳಲ್ಲಿ ಅಕ್ಷರಗಳ ಪುಟ್ಟ ಗುಂಪೊಂದು ಎಷ್ಟು ಬಾರಿ ಮರುಕಳಿಸಿದೆ ಎಂಬುದು ತಳಿಯಿಂದ ತಳಿಗೆ ಬೇರೆಯಾಗಿರುತ್ತದೆ. ಅದನ್ನು ಎಣಿಸಿದರೆ ಬೆರಳಚ್ಚಿನಂಥ ಗುರುತು ಸಿಗುತ್ತದೆ. ಮಳೆ, ಗೊಬ್ಬರ, ಮಣ್ಣು ಬದಲಾದರೆ ಗಿಡದ ಎತ್ತರ ಬದಲಾದೀತು, ಈ ಗುರುತು ಬದಲಾಗದು. ಬಿತ್ತನೆ ಬೀಜದ ಶುದ್ಧತೆಯನ್ನು ಬೆಳೆದು ನೋಡಲು ಒಂದು ಹಂಗಾಮು ಬೇಕಾದರೆ, ಇಲ್ಲಿ ಕೆಲವೇ ದಿನ ಸಾಕು. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಎಂ.ಎಲ್. 365 ಎಂಬ ರಾಗಿ ತಳಿಯ ಜೀನೋಮನ್ನೇ ಓದಿ ಪ್ರಕಟಿಸಿದರು.

ಆದರೆ ಗುರುತು ಬೇರೆ, ಗುಣ ಬೇರೆ. ಯಾವ ಗುಣಕ್ಕೂ ಸಂಬಂಧಿಸದ ತಾಣದಲ್ಲಿ ವ್ಯತ್ಯಾಸ ಕಂಡಿತೆಂದು, ಹೊಲದಲ್ಲಿ ಒಂದೇ ಆಗಿರುವ ಎರಡು ಬೆಳೆಗಳನ್ನು ಎರಡು ತಳಿಗಳೆನ್ನಬಹುದೇ? ಹಾಗೆಂದರೆ ಹಳೆಯ ತಳಿಯನ್ನು ಅಲ್ಪಸ್ವಲ್ಪ ತಿರುಚಿ ಹೊಸದೆಂದು ಹಕ್ಕು ಸಾಧಿಸುವವರಿಗೆ ಬಾಗಿಲು ತೆರೆದಂತೆ. ತದ್ವಿರುದ್ಧವೂ ಉಂಟು. ಒಂದೇ ಜೀನಿನ ಬದಲಾವಣೆಯಿಂದ ಕಾಳಿನ ಬಣ್ಣವೇ ಬೇರೆಯಾದ ತಳಿಯು, ಆರಿಸಿಕೊಂಡ ಕೆಲವು ತಾಣಗಳಲ್ಲಿ ಹಳೆಯದರಂತೆಯೇ ಕಾಣಬಹುದು. ಆದ್ದರಿಂದಲೇ ಜಿನೀವಾದ ಯುಪೊವ್ ಸಂಸ್ಥೆ ಕೂಡ (ಭಾರತ ಅದರ ಸದಸ್ಯ ರಾಷ್ಟ್ರವಲ್ಲ) ಡಿಎನ್‌ಎ ಗುರುತುಗಳಿಗೆ ಮಿತವಾದ ಸ್ಥಾನವನ್ನೇ ಕೊಟ್ಟಿದೆ. ಹೊಲದ ಲಕ್ಷಣವೊಂದಕ್ಕೆ ನಿಕಟ ಸಂಬಂಧವಿರುವುದು ಸಿದ್ಧವಾದ ಗುರುತನ್ನು ಆ ಲಕ್ಷಣದ ಬದಲಿಗೆ ಬಳಸಬಹುದು. ಹೊಲದ ಲಕ್ಷಣಗಳೊಡನೆ ಸೇರಿಸಿ, ಸ್ಪಷ್ಟವಾಗಿ ಭಿನ್ನವಾದ ತಳಿಗಳನ್ನು ಮೊದಲೇ ಬೇರ್ಪಡಿಸಿ ಹೋಲಿಕೆಯ ಹೊರೆಯನ್ನು ಇಳಿಸಬಹುದು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ ಬೇರೆಯೇ ಇದೆ. ಡಿಎನ್‌ಎ ಗುರುತನ್ನು ಯಾವುದರೊಡನೆ ಹೋಲಿಸುತ್ತೇವೆ? ದಾಖಲೆಯಲ್ಲಿ ಇರುವುದರೊಡನೆ ತಾನೇ! ಮೈಸೂರು, ಮಂಡ್ಯ ಸೀಮೆಯ ರೈತ ಕುಟುಂಬಗಳು ತಲೆತಲಾಂತರದಿಂದ ಉಳಿಸಿಕೊಂಡು ಬಂದ ರಾಗಿ, ಭತ್ತ, ಅವರೆಗಳ ಗುರುತು ದಾಖಲೆಯಲ್ಲಿ ಇಲ್ಲದಿದ್ದರೆ, ಅವುಗಳಿಂದಲೇ ಆರಿಸಿ ತೆಗೆದ ತಳಿಯು ನಾಳೆ ಬೇರೆಯವರ ಸ್ವತ್ತೆಂದು ನೋಂದಣಿಯಾದೀತು. ನಮ್ಮ ಕಾಯ್ದೆಯು ರೈತನಿಗೂ ತನ್ನ ತಳಿಯನ್ನು ನೋಂದಾಯಿಸುವ ಹಕ್ಕು ಕೊಟ್ಟಿದೆ. ಬ್ರಾಂಡ್ ಹೆಸರಿಲ್ಲದೆ ಬೀಜವನ್ನು ಉಳಿಸುವ, ಹಂಚುವ, ಮಾರುವ ಹಕ್ಕನ್ನೂ ಕೊಟ್ಟಿದೆ. ಆದರೂ 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೋ ಸಂಸ್ಥೆ ತನ್ನ ನೋಂದಾಯಿತ ತಳಿಯ ಸಲುವಾಗಿ ಮೊಕದ್ದಮೆ ಹೂಡಿತು. ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. ಪ್ರಯೋಗಾಲಯದ ಸಾಕ್ಷ್ಯ ಯಾರ ಕೈಯಲ್ಲಿದೆ ಎಂಬುದು ಇಂಥ ಹೊತ್ತಿನಲ್ಲಿ ಸಣ್ಣ ಮಾತಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಡಿಎನ್‌ಎ ಪರೀಕ್ಷೆ ಸಾಕ್ಷಿಯಾಗಿರಲಿ, ತೀರ್ಪು ಹೊಲದಲ್ಲಿಯೇ ಆಗಲಿ. ಕಂಪನಿಗಳ ಅರ್ಜಿಗಳನ್ನು ಬೇಗ ವಿಲೇವಾರಿ ಮಾಡಲು ಈ ತಂತ್ರವನ್ನು ಬಳಸುವುದಕ್ಕೆ ಮೊದಲು, ಸರ್ಕಾರದ ವೆಚ್ಚದಲ್ಲಿ ರೈತರ ತಳಿಗಳ ಗುರುತುಗಳನ್ನು, ಆಯಾ ಊರಿನ ಹೆಸರಿನೊಂದಿಗೆ ದಾಖಲಿಸುವ ಕೆಲಸ ಆಗಲಿ. ರಾಜೀವನಗರದ ಅಂಗಡಿಯಲ್ಲಿ ರಾಗಿ ಕೊಳ್ಳುವ ನಮ್ಮಂಥವರಿಗೆ ಅದೆಲ್ಲ ಒಂದೇ ರಾಗಿ, ಬೆಳೆದವನಿಗೆ ಹಾಗಲ್ಲ.

ನಿಮ್ಮ ಊರಿನಲ್ಲಿ ಇನ್ನೂ ಉಳಿದಿರುವ ಹಳೆಯ ತಳಿಗಳಿದ್ದರೆ ಅವುಗಳ ಹೆಸರು ಬರೆದು ತಿಳಿಸಿ. ಮೊದಲು ಹೆಸರಾದರೂ ದಾಖಲಾಗಲಿ.